ಆಮ್ಲದ ಅಪ್ಪ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಮಾಮ,

ಅಮ್ಮ ಫೋನಿನಲ್ಲಿ ಹೇಳಿದಳು. ನನ್ನ ಮದುವೆ ನೋಂದಣಿಗೆ ಬರುತ್ತೀರಂತೆ, ಆದರೆ ಸಾಕ್ಷಿ ಸಹಿ ಹಾಕುವುದಿಲ್ಲವಂತೆ. ಹೆತ್ತ ತಂದೆ ಬದುಕಿರುವಾಗ ಆ ಜಾಗದಲ್ಲಿ ತಾವು ನಿಲ್ಲಬಾರದು ಅಂದಿರಂತೆ. ಎದುರಿಗೆ ಕೂತು ಮಾತಾಡೋಣವೆಂದರೆ, ಬಸ್ಸು ತೆಗೆಯಲು ಹೊತ್ತಾಯಿತು ಎಂದು ಎದ್ದು ಹೋಗುತ್ತೀರಿ. ಅದಕ್ಕೇ ಈ ಕಾಗದ.

ಆ ಹೆತ್ತ ತಂದೆ ನಮ್ಮನ್ನು ಬಿಟ್ಟುಹೋದ ಮೇಲೆ ನೀವು ಅಮ್ಮನ ಕೈಹಿಡಿದು ನಮ್ಮ ಮನೆಗೆ ಬಂದಿರಿ. ಏನೆಂದು ಕರೆಯಲಿ ಎಂದು ನಾನು ಅಮ್ಮನನ್ನು ಕೇಳಿದರೆ, ಮಾಮ ಅಂದರೆ ಸಾಕು ಎಂದು ನೀವೇ ಹೇಳಿದಿರಿ. ಅದೇ ಉಳಿದುಬಿಟ್ಟಿತು.

ವಿಜ್ಞಾನ ಪರೀಕ್ಷೆಯ ಹಿಂದಿನ ಸಂಜೆ ನೆನಪಿದೆಯಾ? ಡ್ಯೂಟಿಯಿಂದ ಬಂದವರು ಯೂನಿಫಾರ್ಮನ್ನೂ ಬಿಚ್ಚದೆ ನನ್ನ ಪುಸ್ತಕ ಹಿಡಿದು ಪ್ರಶ್ನೆ ಕೇಳುತ್ತಿದ್ದಿರಿ. 'ಆಮ್ಲಜನಕ' ಬಂದಾಗ ನಿಂತಿರಿ. ಜನಕ ಅಂದರೆ ಅಪ್ಪ, ಹಾಗಾದರೆ ಇದು ಆಮ್ಲದ ಅಪ್ಪನಾ ಎಂದು ಕೇಳಿದಿರಿ. ಟೀಚರ್ ಹೇಳಿಕೊಟ್ಟಿದ್ದನ್ನು ನಾನು ಒಪ್ಪಿಸಿದೆ. ಆಮ್ಲಗಳೆಲ್ಲ ಇದರಿಂದಲೇ ಹುಟ್ಟುತ್ತವೆಂದು ತಿಳಿದು ಹಿಂದೊಬ್ಬ ವಿಜ್ಞಾನಿ ಗ್ರೀಕ್ ಪದಗಳಿಂದ ಆಕ್ಸಿಜನ್ ಎಂಬ ಹೆಸರು ಕಟ್ಟಿದ, ಕನ್ನಡದಲ್ಲೂ ಅದೇ ಅರ್ಥಕ್ಕೆ ಆಮ್ಲಜನಕ ಆಯಿತು. ಇದು ಇಲ್ಲದ ಆಮ್ಲಗಳೂ ಇವೆಯೆಂದು ಆಮೇಲೆ ಗೊತ್ತಾಯಿತು. ಹೆಸರು ಮಾತ್ರ ಹೋಗಲಿಲ್ಲ.

ನೀವು ನಕ್ಕುಬಿಟ್ಟಿರಿ. "ಪಾಪ, ಹುಟ್ಸದೇ ಇದ್ರೂ ಅಪ್ಪ ಅನ್ನಿಸ್ಕೊಂಡು ಓಡಾಡ್ತಿದೆ ನೋಡು," ಅಂದಿರಿ.

ನಾನೂ ಬಿದ್ದು ಬಿದ್ದು ನಕ್ಕೆ. ಒಲೆಯ ಮುಂದಿದ್ದ ಅಮ್ಮ ನಗಲಿಲ್ಲ, ತಿರುಗಿ ನಿಮ್ಮನ್ನೇ ನೋಡಿದಳು. ನೀವು ತಟ್ಟನೆ ಪುಟ ಮಗುಚಿದಿರಿ. ಯಾಕೆಂದು ನನಗೆ ಹೊಳೆದದ್ದು ದೊಡ್ಡವಳಾದ ಮೇಲೆ.

ಈಗ ಆ ಪಾಠವನ್ನು ನಾನೇ ಮಾಡುತ್ತೇನೆ. ತಪ್ಪು ಹೆಸರನ್ನು ಯಾಕೆ ತೆಗೆಯಲಿಲ್ಲ ಮಿಸ್ ಎಂದು ಮಕ್ಕಳು ಕೇಳುತ್ತಾರೆ. ಎಲ್ಲರ ಬಾಯಿಗೂ ಅದೇ ರೂಢಿಯಾಗಿತ್ತು ಅನ್ನುತ್ತೇನೆ. ಮಾಮ, ನನ್ನ ಬಾಯಿಗೆ ಸರಿಯಾದ ಹೆಸರೇ ರೂಢಿಯಾಗಲಿಲ್ಲ.

ನನಗೆ ಜ್ವರ ಬಂದಾಗ ರಜೆ ಹಾಕಿ ಕೂತವರು ನೀವು. ನನಗೆ ಸೈಕಲ್ ಕಲಿಸಲು ಹೋಗಿ ಮೊಣಕಾಲು ತರಚಿಕೊಂಡವರೂ ನೀವೇ. ಅಮ್ಮನೊಂದಿಗೆ ಜಗಳವಾದಾಗಲೆಲ್ಲ ಗುಟ್ಟಾಗಿ ನನ್ನ ಪಕ್ಷ ವಹಿಸಿದ್ದೀರಿ. ಈ ಸಲ ಎಲ್ಲರೆದುರಿಗೇ ವಹಿಸಿ. ರಜೆಯನ್ನು ಈಗಲೇ ಬರೆದುಕೊಡಿ, ಆಮೇಲೆ ಡಿಪೋದವರ ಮೇಲೆ ಹಾಕಬೇಡಿ.

ನಿಮ್ಮ ಮಗಳು

ತಾ.ಕ.: ನನ್ನನ್ನು ಹುಟ್ಟಿಸಿದವರಿಗೂ ಫೋನ್ ಮಾಡಿದ್ದೆ. ಬರುತ್ತಾರಂತೆ. ಸಹಿ ತಾವು ಹಾಕಬೇಕಾ ಎಂದು ಕೇಳಿದರು. "ಬೇಡ, ಅಪ್ಪ ಹಾಕ್ತಾರೆ," ಅಂದೆ. ಯಾರು ಅಂತ ಅವರು ಕೇಳಲಿಲ್ಲ.