ಬೆಚ್ಚಗಿನ ಕೈ

ಡಿಸೆಂಬರ್ ೯, ಮಂಗಳವಾರ

ಇವತ್ತು ಇವನ ಕೈ ಬೆಚ್ಚಗಿತ್ತು! ನನಗೆ ಹೊಟ್ಟೆಯೆಲ್ಲ ಉರಿಯುತ್ತಿದೆ.

ಮದುವೆಯಾದಾಗಿನಿಂದ ದಿನಾ ಸಂಜೆ ವಾಚ್ ರಿಪೇರಿ ಅಂಗಡಿಯಿಂದ ಈ ಚಳಿ ಊರಿನ ಗಾಳಿಯಲ್ಲಿ ಸೈಕಲ್ ತುಳಿದು ಬಂದವನೇ, ಮಂಜುಗಡ್ಡೆಯಂಥ ಕೈಗಳನ್ನು ನನ್ನ ಕೆನ್ನೆಗೆ ಒತ್ತುತ್ತಿದ್ದ. ನಾನು ಕಿರುಚುತ್ತಿದ್ದೆ. ಆಮೇಲೆ ಅವು ಬೆಚ್ಚಗಾಗುವವರೆಗೆ ನಾನೇ ಬಿಡುತ್ತಿರಲಿಲ್ಲ. ಇಡೀ ದಿನದಲ್ಲಿ ನನಗೆ ತುಂಬಾ ತುಂಬಾ ಇಷ್ಟವಾದ ಗಳಿಗೆ ಅದು. ಇವತ್ತು ಕಿರುಚಲು ಸಿದ್ಧಳಾಗಿ ನಿಂತರೆ, ಬಿಸಿ ಬಿಸಿ ಕೈ!

ಸೈಕಲ್ ಹ್ಯಾಂಡಲ್ಲಿಗೆ ಉಣ್ಣೆಯ ಎರಡು ಚೀಲಗಳು. ಕೈ ಒಳಗೆ ತೂರಿಸಿದರೆ ಗಾಳಿ ತಾಕುವುದೇ ಇಲ್ಲವಂತೆ. ಹೆಣೆದುಕೊಟ್ಟವಳು ಅಂಗಡಿಯ ಕ್ಯಾಶಿಯರ್. ಅವಳನ್ನು ಅಕ್ಕ ಅಂತಲೂ ಕರೆಯುವುದಿಲ್ಲ ಇವನು!

"ನಿನ್ನ ಕೈ ಅಳತೆ ಅವಳಿಗೆ ಹೇಗೆ ಗೊತ್ತು?"

"ಕೈಯದ್ದಲ್ಲ ಕಣೇ, ಹ್ಯಾಂಡಲ್ ಅಳತೆ ತಗೊಂಡ್ರು."

"ಓಹೋ, ಆಗ ಪಕ್ಕದಲ್ಲಿ ಸೈಕಲ್ ಹಿಡ್ಕೊಂಡು ನಿಂತಿದ್ದೋರು ಯಾರೋ!"

ನಕ್ಕುಬಿಟ್ಟ. ಆಮೇಲೆ ಮೆಲ್ಲಗೆ, "ಬೆರಳು ಮರಗಟ್ಟಿದ್ರೆ ವಾಚಿನ ಸ್ಕ್ರೂ ಹಿಡಿಯೋಕಾಗಲ್ಲ. ಮೊನ್ನೆ ಬೆಳಗ್ಗೆ ಒಂದು ಬೀಳಿಸಿ ಯಜಮಾನರ ಹತ್ರ ಬೈಸ್ಕೊಂಡೆ" ಅಂದ.

ನನಗೆ ಹೇಳಿರಲೇ ಇಲ್ಲ. ಅವಳಿಗೆ ಗೊತ್ತಿತ್ತು.

ನನ್ನ ಮುಖ ನೋಡಿ, "ಸರಿ, ಬೆಳಗ್ಗೆ ಮಾತ್ರ ಹಾಕ್ಕೋತೀನಿ. ಸಂಜೆ ಬಿಚ್ಚಿ ಬ್ಯಾಗಲ್ಲಿಟ್ಟು ಬರ್ತೀನಿ. ಸಾಕಾ ಮಹಾರಾಣಿ?" ಅಂದ.

ಸಂಜೆಯೇನೋ ನನಗೆ ಸಿಕ್ಕಿತು. ಆದರೆ ಬೆಳಗ್ಗೆ ದಾರಿಯುದ್ದಕ್ಕೂ ಅವನ ಕೈ ಅವಳ ಉಣ್ಣೆಯೊಳಗೆ! ಉಹೂಂ, ನಾನೇ ಹೆಣೆದುಕೊಡುತ್ತೇನೆ. ಆದರೆ ನನಗೆ ಹೆಣಿಗೆ ಕಡ್ಡಿ ಹಿಡಿಯಲೂ ಬಾರದು. ಈ ಊರಿನಲ್ಲಿ ಕಲಿಸುವವರು ಯಾರಿದ್ದಾರೆ? ನನಗೆ ಗೊತ್ತಿರುವವರಲ್ಲಿ ಹೆಣಿಗೆ ಬಲ್ಲವಳೆಂದರೆ ಅವಳೊಬ್ಬಳೇ. ಅಯ್ಯೋ, ಹಾಗಾದರೆ ನಾಳೆ ಹೋಗಿ ಅವಳನ್ನೇ ಕಲಿಸಿಕೊಡು ಅಂತ ಕೇಳಬೇಕಾ!