ಎರಡು ಡಾಲರಿನ ಟಿಕೆಟ್

ಫೆಬ್ರವರಿ 11, ಮಂಗಳವಾರ

ಇವತ್ತು ಎರಡೇ ತಲೆ. ಒಂದರಲ್ಲಿ ಕೂದಲೇ ಇಲ್ಲ, ಬರೀ ಮಾತಿಗೆ ಬಂದಿದ್ದ. ಇನ್ನೊಂದು ನಿದ್ದೆ ಹೋಯಿತು. ಬೀದಿಯ ಅಂಗಡಿ ಮುಚ್ಚಿ ಈ ಮುದುಕರ ಬಿಲ್ಡಿಂಗಿಗೆ ಬಂದ ಮೇಲೆ ನನ್ನ ಕ್ಷೌರದಂಗಡಿ ಅಂದರೆ ಲಾಂಡ್ರಿ ಪಕ್ಕದ ಈ ರೂಮು. ವಾರಕ್ಕೆರಡು ದಿನ. ಸೋಪಿನ ಪರಿಮಳ ಪುಕ್ಕಟೆ.

ತಟ್ಟೆಗಿಷ್ಟು ಅಂತ ದುಡ್ಡು ಕೊಡುವ ಊಟದ ಹಾಲ್‌ನಲ್ಲಿ ಎಸ್ಟೆಲ್ ನಮ್ಮ ಟೇಬಲ್ಲಿಗೇ ಬಂದಳು. ನಾಲ್ಕನೇ ಮಹಡಿಯವಳು. ವರ್ಷಗಟ್ಟಲೆ ಸ್ಕೂಲು ಮಕ್ಕಳಿಗೆ ಅಡುಗೆ ಮಾಡಿ ರಿಟೈರ್ ಆದವಳು. ನಕ್ಕರೆ ಎದುರಿಗಿರುವ ಸೂಪು ಆರಿದ್ದೇ ಗೊತ್ತಾಗುವುದಿಲ್ಲ. ಇವತ್ತು ಬರೀ ಆರ್ಕಿಡ್ ಹೂವಿನ ಮಾತು. ಹೊರಗೆ ಮೊಣಕಾಲು ಹಿಮ, ಗಾಜಿನ ಮನೆಯ ಹೂದೋಟದ ಒಳಗೆ ಕೋಟು ಬಿಚ್ಚಿ ಕೈಯಲ್ಲಿ ಹಿಡಿಯುವಷ್ಟು ಸೆಕೆಯಂತೆ.

‘ಒಬ್ಬರೇ ಹೋಗಿದ್ರಾ?’ ಅಂದೆ.

‘ಇಲ್ಲಪ್ಪ, ಕ್ಲೀಟ್ ಜೊತೆಗಿದ್ದ.’

ಕ್ಲೀಟ್! ಎರಡನೇ ಮಹಡಿಯ ಕ್ಲೀಟಸ್. ಮನೆಮನೆಗೆ ಹೋಗಿ ವ್ಯಾಕ್ಯೂಮ್ ಕ್ಲೀನರ್ ಮಾರುತ್ತಿದ್ದವನು. ಹಳದಿ ಟೈ. ಬಾಗಿಲು ತೆಗೆದವರನ್ನು ಸುಮ್ಮನೆ ಬಿಟ್ಟ ಚರಿತ್ರೆಯೇ ಇಲ್ಲ. ನಾನು ಮಾತ್ರ ಇವಳಿಗೆ ಇನ್ನೂ ‘ಮಿಸ್ಟರ್ ಕೊಸ್ಕೊ’, ಬರ್ನಿ ಅಲ್ಲ.

ಅವಳು ಎದ್ದುಹೋದ ಮೇಲೆ ಟ್ರೂಡಿ ನನ್ನ ಕಡೆ ವಾಲಿದಳು. ಈ ಬಿಲ್ಡಿಂಗಿನ ರೇಡಿಯೋ ಅವಳು.

‘ಇಪ್ಪತ್ತು ಡಾಲರಿನ ಟಿಕೆಟ್ಟು ಅವರಿಗೆ ತಲೆಗೆ ಎರಡೇ ಡಾಲರ್ ಅಂತೆ ಬರ್ನಿ. ಫುಡ್ ಸ್ಟ್ಯಾಂಪ್ ಕಾರ್ಡ್ ತೋರಿಸಿದ್ರೆ ಆಯ್ತು. ಝೂಗೂ ಹಂಗೇ, ಮ್ಯೂಸಿಯಮ್ಮಿಗೂ ಹಂಗೇ. ಒಂದು ಕಾರ್ಡಿಗೆ ನಾಲ್ಕು ಜನ ಹೋಗಬಹುದು. ಇಂಟರ್ನೆಟ್ಟೂ ಕಮ್ಮಿ ರೇಟು.’

‘ಆ ಕ್ಲೀಟಸ್‌ಗೆ ಕಾರ್ಡ್ ಬೇರೆ ಕೊಟ್ಟಿದ್ದಾರಾ?’

‘ಇನ್ಯಾರಿಗೆ ಕೊಡ್ತಾರೆ?’

ಸರ್ಕಾರ ಹಸಿದವರಿಗೆ ಕೊಡುವುದು ದಿನಸಿಗೆ. ಇವನು ಅದನ್ನು ಹಿಡಿದುಕೊಂಡು ಹೆಣ್ಣನ್ನು ಸುತ್ತಾಡಿಸುತ್ತಿದ್ದಾನೆ! ರಾತ್ರಿ ಊಟ ಸೇರಲಿಲ್ಲ.

ಫೆಬ್ರವರಿ 25, ಮಂಗಳವಾರ

ಕ್ಲೀಟಸ್ ಕಟಿಂಗಿಗೆ ಬಂದ. ಬಿಳಿ ಬಟ್ಟೆ ಹೊದಿಸಿ ಕತ್ತು ಬಗ್ಗಿಸಿದೆ. ಕೈಯಲ್ಲಿ ಕತ್ತಿ. ದೇವರು ಒಮ್ಮೊಮ್ಮೆ ಮನುಷ್ಯನನ್ನು ಹೀಗೂ ಪರೀಕ್ಷೆ ಮಾಡುತ್ತಾನೆ.

‘ಹಿಂದೆ ಸ್ವಲ್ಪ ಚೆನ್ನಾಗಿ ಮಾಡು ಮಾರಾಯ. ಶನಿವಾರ ಡೈನೋಸಾರ್ ನೋಡೋಕೆ ಹೋಗ್ತಿದ್ದೀವಿ.’

‘ಅದಕ್ಕೆ ಅಷ್ಟು ದೂರ ಯಾಕೆ? ಎಸ್ಟೆಲ್ ದಿನಾ ನಿನ್ನ ನೋಡ್ತಾಳಲ್ಲ.’

ಭುಜ ಅಲುಗಿಸಿಕೊಂಡು ನಕ್ಕ. ಕಿವಿ ಹತ್ತಿರ ಬಂದಿತ್ತು ಕತ್ತಿ, ಹಿಂದೆಗೆದೆ.

‘ಎರಡು ಡಾಲರ್ ತಾನೇ? ಸರ್ಕಾರದ ಖರ್ಚಲ್ಲಿ ಪ್ರೀತಿ ಮಾಡೋನು ನೀನೊಬ್ಬನೇ ನೋಡು.’

ಅವನು ಬಟ್ಟೆಯ ಮೇಲೆ ಬಿದ್ದ ಕೂದಲು ನೋಡುತ್ತ ಕೂತ. ಆಮೇಲೆ ಮತ್ತೆ ಅದೇ ಸೇಲ್ಸ್‌ಮನ್ ನಗು. ‘ಹೂಂ ಕಣಯ್ಯಾ, ನಾನೊಬ್ಬ ಬಡಪಾಯಿ. ನಿನಗ್ಯಾಕೆ ಉರಿ?’

ಉರಿಯಂತೆ. ನನಗೆ! ಟಿಪ್ಸು ಕೊಟ್ಟ. ತೆಗೆದುಕೊಳ್ಳಬಾರದಿತ್ತು. ತೆಗೆದುಕೊಂಡೆ.

ಮಾರ್ಚ್ 7, ಶುಕ್ರವಾರ

ಚರ್ಚಿನಲ್ಲಿ ಮೀನೂಟ. ಪ್ರತಿ ವರ್ಷ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಶುಕ್ರವಾರ ಈ ಓಣಿಯೆಲ್ಲ ಎಣ್ಣೆ ವಾಸನೆ. ಎಸ್ಟೆಲ್ ಪಕ್ಕ ಜಾಗ ಹಿಡಿಯೋಣವೆಂದು ಬೇಗ ಹೋದೆ. ಅವನು ಅದಕ್ಕೂ ಮೊದಲೇ ಬಂದು ಅವಳ ತಟ್ಟೆಗೆ ಆಲೂಗಡ್ಡೆ ತುಂಬಿದ ಪಿರೋಗಿ ಕಡುಬು ಹಾಕುತ್ತಿದ್ದ, ಮೇಲೆ ಬೆಣ್ಣೆಯಲ್ಲಿ ಹುರಿದ ಈರುಳ್ಳಿ. ಅವಳಿಗೆ ಈರುಳ್ಳಿ ಜಾಸ್ತಿ ಬೇಕು ಅನ್ನುವುದು ಇವನಿಗೆ ಹೇಗೆ ಗೊತ್ತು?

ಎದುರಿಗೆ ಕೂತೆ. ಡೈನೋಸಾರಿನ ಹಲ್ಲು ಎಷ್ಟುದ್ದ ಅಂತ ಇಬ್ಬರೂ ಕೈಯಳತೆಯಲ್ಲಿ ತೋರಿಸುತ್ತ ನಕ್ಕರು. ಮೀನಿನ ಮುಳ್ಳು ಗಂಟಲಲ್ಲಿ ಸಿಕ್ಕಿತು. ಯಾರೂ ಗಮನಿಸಲಿಲ್ಲ.

ತೀರ್ಮಾನ ಮಾಡಿದೆ. ಹೊಸ ಟ್ರಿಮ್ಮರಿಗೆಂದು ಕೂಡಿಟ್ಟ ದುಡ್ಡಿದೆ. ಸಂಗೀತ ಕಚೇರಿಗೆ ಎರಡು ಟಿಕೆಟ್. ಪೂರ್ತಿ ರೇಟಿನವು. ಸ್ಟೇಜಿನ ಹತ್ತಿರದ ಸಾಲು.

ಮಾರ್ಚ್ 22, ಶನಿವಾರ

ಬಂದಳು. ಕೇಳಿದ ತಕ್ಷಣ ‘ನಾನಾ?’ ಅಂದಳು, ಆಮೇಲೆ ಬಂದಳು. ನೀಲಿ ಸ್ಕಾರ್ಫ್, ಮುತ್ತಿನ ಓಲೆ. ಪಿಟೀಲುಗಳು ಒಟ್ಟಿಗೆ ಎದ್ದಾಗ ಅವಳ ಕೈ ಕುರ್ಚಿಯ ತೋಳಿನ ಮೇಲೆ, ನನ್ನ ಕೈಗೆ ಬೆರಳಷ್ಟೇ ದೂರ. ಹೆಂಡತಿ ಹೆಲೆನ್ ತೀರಿಹೋದ ಮೇಲೆ ಯಾರ ಪಕ್ಕದಲ್ಲೂ ಹೀಗೆ ಉಸಿರು ಬಿಗಿಹಿಡಿದು ಕೂತಿರಲಿಲ್ಲ.

ಇಂಟರ್ವಲ್ಲಿನಲ್ಲಿ ಕೇಳಿದಳು, ‘ಇದಕ್ಕೆ ತುಂಬಾ ದುಡ್ಡು ಸುರಿದ್ರಾ ಮಿಸ್ಟರ್ ಕೊಸ್ಕೊ? ಹಿಂಗೆಲ್ಲ ಮಾಡಬಾರದು.’

ಅಲ್ಲಿಗೆ ಬಾಯಿ ಮುಚ್ಚಬೇಕಿತ್ತು. ಮುಚ್ಚಲಿಲ್ಲ.

‘ನನ್ನ ದುಡ್ಡು ಎಸ್ಟೆಲ್, ನಾನು ದುಡಿದದ್ದು. ಆ ಕ್ಲೀಟಸ್ ಥರ ಭಿಕ್ಷೆ ಕಾರ್ಡು ತೋರಿಸಿ ಹೆಂಗಸರನ್ನ ಕರ್ಕೊಂಡು ತಿರುಗೋನಲ್ಲ ನಾನು.’

ನಗುತ್ತಾಳೆ ಅಂದುಕೊಂಡಿದ್ದೆ. ಕೈಯಲ್ಲಿದ್ದ ಕಾರ್ಯಕ್ರಮದ ಹಾಳೆ ಮಡಿಸಿದಳು, ಮತ್ತೆ ಮಡಿಸಿದಳು. ಎರಡನೇ ಭಾಗವೆಲ್ಲ ಸ್ಟೇಜಿನ ಕಡೆಗೇ ನೋಡಿದಳು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನದಿ ನೋಡಿದಳು. ಲಿಫ್ಟಿನಲ್ಲಿ ‘ಥ್ಯಾಂಕ್ ಯೂ’ ಅಂದಳು. ಅಷ್ಟೇ.

ಅವನ ಮೇಲೆ ಅಷ್ಟೊಂದು ಪ್ರೀತಿಯೇ? ಒಂದು ಮಾತು ಅಂದರೆ ಇಷ್ಟು ನೋಯುವಷ್ಟು?

ಏಪ್ರಿಲ್ 8

ಮೂರು ತಲೆ. ಹಳೇ ಟ್ರಿಮ್ಮರ್ ಕೂದಲು ಕತ್ತರಿಸುವುದಿಲ್ಲ, ಕೀಳುತ್ತದೆ. ಎಸ್ಟೆಲ್ ಈಗ ಊಟಕ್ಕೆ ಕಿಟಕಿ ಹತ್ತಿರದ ಟೇಬಲ್ಲು. ಬರೆಯಲು ಏನೂ ಇಲ್ಲ.

ಮೇ 10, ಶನಿವಾರ

ಶೂ ಬಿಚ್ಚದೆಯೇ ಬರೆಯಲು ಕೂತಿದ್ದೇನೆ.

ಈ ವರ್ಷದ ಮೊದಲ ರೈತರ ಸಂತೆ ಇವತ್ತು, ಪಾರ್ಕಿನ ಅಂಚಿಗೆ. ಎಳೇ ಮೂಲಂಗಿ ತರೋಣ ಅಂತ ಹೋದೆ. ಮೊದಲು ಕಂಡದ್ದು ಹಳದಿ ಟೈ. ತುದಿಯಲ್ಲಿ ಒಂದು ಡೇರೆ, ಅಲ್ಲಿ ಫುಡ್ ಸ್ಟ್ಯಾಂಪ್ ಕಾರ್ಡ್ ಉಜ್ಜಿಸಿದರೆ ತರಕಾರಿಗೆ ಚೀಟಿ ಕೊಡುತ್ತಾರೆ. ಹತ್ತು ಡಾಲರಿನ ಚೀಟಿ ತೆಗೆದುಕೊಂಡರೆ ಮೇಲೆ ಐದು ಡಾಲರಿನದು ಪುಕ್ಕಟೆ. ಕ್ಲೀಟಸ್ ಖಾಲಿ ಚೀಲ ಹಿಡಿದು ನಿಂತಿದ್ದ. ನಾನು ಸೊಪ್ಪಿನ ರಾಶಿಯ ಹಿಂದೆ ನಿಂತೆ. ನೋಡೋಣ ಇವನ ವೈಭವ ಅಂತ.

ಕಾರ್ಡು ತೆಗೆದದ್ದು ಅವನಲ್ಲ. ಎಸ್ಟೆಲ್ ತನ್ನ ಕೈಚೀಲದ ಒಳಜೇಬಿನಿಂದ ತೆಗೆದಳು. ಡೇರೆಯ ಹುಡುಗಿ ಕೊಟ್ಟ ಚೀಟಿಗಳನ್ನು ಎಣಿಸಿ ಕ್ಲೀಟಸ್ ಕಡೆ ತಿರುಗಿದಳು. ‘ಈ ಸಲ ಸ್ಟ್ರಾಬೆರೀನೂ ಆಗುತ್ತೆ ಕ್ಲೀಟ್!’

ಆಗ ಅವಳಿಗೆ ನಾನು ಕಂಡೆ. ಅವಳೇ ಹತ್ತಿರ ಬಂದಳು. ಕಾರ್ಡನ್ನು ಮುಖದ ಮುಂದೆ ಹಿಡಿದಳು.

‘ನೋಡಿ ಮಿಸ್ಟರ್ ಕೊಸ್ಕೊ. ಭಿಕ್ಷೆ ಕಾರ್ಡು ಹಿಂಗಿರುತ್ತೆ.’

ಧ್ವನಿ ಎತ್ತಲೂ ಇಲ್ಲ. ಮೂಲಂಗಿ ತರಲಿಲ್ಲ.

ಮೇ 13, ಮಂಗಳವಾರ

ಕ್ಲೀಟಸ್ ಕಟಿಂಗಿಗೆ ಬಂದ. ಬರುವುದಿಲ್ಲ ಅಂದುಕೊಂಡಿದ್ದೆ. ಬಟ್ಟೆ ಹೊದಿಸಿ ಬಾಚಣಿಗೆ ಕೈಗೆ ತೆಗೆದುಕೊಂಡೆ.

‘ಅವತ್ತು ನಾನು ಅಷ್ಟೆಲ್ಲ ಅಂದ್ನಲ್ಲ. ಕಾರ್ಡು ನಿಂದಲ್ಲ ಅಂತ ಯಾಕೋ ಹೇಳಲಿಲ್ಲ?’

‘ನಂದಲ್ಲ ಅಂದ್ರೆ ಮತ್ತ್ಯಾರದು ಅಂತ ನೀನು ಕೇಳ್ತಿದ್ದೆ. ಅದು ಅವಳ ವಿಷಯ. ನಾನ್ಯಾಕೆ ಬಾಯಿ ಬಿಡಲಿ?’

‘ಬೈಸಿಕೊಂಡೆಯಲ್ಲೋ.’

‘ಮುಖದ ಮೇಲೆ ಬಾಗಿಲು ಹಾಕಿಸಿಕೊಂಡೇ ಬದುಕಿದವನು ಕಣಯ್ಯಾ ನಾನು. ನಿನ್ನದೊಂದು ಬಾಗಿಲು ಜಾಸ್ತಿ.’ ಆಮೇಲೆ ಅಂದ, ‘ನಾನೂ ಅರ್ಜಿ ಹಾಕಿದ್ದೆ. ಪೆನ್ಷನ್ ಒಂಚೂರು ಜಾಸ್ತಿಯಾಯ್ತು ಅಂತ ಕೊಡಲಿಲ್ಲ. ಕೊಟ್ಟಿದ್ರೆ ಈಸ್ಕೋತಿದ್ದೆ.’

ಇವನನ್ನು ಕೆಟ್ಟವನು ಅಂದುಕೊಂಡೇ ಹೊಟ್ಟೆಕಿಚ್ಚು ಪಡುವುದು ಎಷ್ಟು ಸುಲಭವಾಗಿತ್ತು. ಈಗ ಇವನು ಒಳ್ಳೆಯವನು. ಕಿಚ್ಚು ಆರಬೇಕಿತ್ತು, ಇನ್ನೂ ಹೆಚ್ಚಾಗಿದೆ. ಅವಳು ನಂಬಿ ತನ್ನ ಬಡತನವನ್ನು ಹೇಳಿಕೊಂಡದ್ದು ಇವನ ಹತ್ತಿರ. ನನ್ನ ಹತ್ತಿರ ಅಲ್ಲ.

ದುಡ್ಡು ತೆಗೆದುಕೊಳ್ಳಲಿಲ್ಲ ಇವತ್ತು.

ಮೇ 14

ನಾಲ್ಕನೇ ಮಹಡಿಗೆ ಹೋದೆ. ಬಾಗಿಲು ಸರಪಳಿ ಹಾಕಿಕೊಂಡೇ ಅರ್ಧ ತೆರೆಯಿತು.

‘ತಪ್ಪಾಯ್ತು ಎಸ್ಟೆಲ್. ಹೊಟ್ಟೆಕಿಚ್ಚಿನ ಮಾತು ಅದು. ನಿಮಗೆ ಅಂದಿದ್ದಲ್ಲ.’

‘ಇನ್ನೊಬ್ಬರಿಗೆ ಅಂದಿದ್ರೆ ಸರಿಹೋಗ್ತಿತ್ತಾ?’

ಮಾತು ಆಡಿದರೆ ಹೋಯಿತು.

‘ಚಳಿಗಾಲದಲ್ಲಿ ಒಂದು ವಾರ ಬ್ರೆಡ್ಡು ಟೀ ಮೇಲೆ ಇದ್ದೆ,’ ಅಂದಳು. ‘ಊರ ಮಕ್ಕಳಿಗೆಲ್ಲ ಬಡಿಸಿದೋಳು. ಅರ್ಜಿ ಹಾಕೋಕೆ ಹೋದಾಗ ಕೋಟಿನ ಕಾಲರ್ ಎತ್ತಿಕೊಂಡು ಹೋಗಿದ್ದೆ, ಗುರುತಿನವರು ನೋಡಬಾರದು ಅಂತ. ಆಮೇಲೆ ಗೊತ್ತಾಯ್ತು, ಈ ಕಾರ್ಡಲ್ಲಿ ಹೂವಿನ ತೋಟಕ್ಕೂ ಬಿಡ್ತಾರೆ ಅಂತ. ಇಲ್ಲೇ ಹುಟ್ಟಿ ಇಲ್ಲೇ ಮುದುಕಿಯಾದೆ, ಅದರ ಒಳಗೆ ಕಾಲಿಟ್ಟಿರಲಿಲ್ಲ ನಾನು. ನಾಲ್ಕು ಜನ ಹೋಗಬಹುದು. ನಿಮ್ಮನ್ನೂ ಕರೆಯೋಣ ಅಂತ ಕ್ಲೀಟ್‌ಗೆ ಹೇಳಿದ್ದೇ ನಾನು. ಅಷ್ಟರಲ್ಲಿ ನೀವು...’

ಬಾಗಿಲು ಮುಚ್ಚಿತು. ಮೆಟ್ಟಿಲಲ್ಲೇ ಇಳಿದೆ. ಲಿಫ್ಟಿನಲ್ಲಿ ಯಾರಾದರೂ ಸಿಕ್ಕರೆ ಮುಖ ತೋರಿಸುವಂತಿರಲಿಲ್ಲ.

ಮೇ 24, ಶನಿವಾರ, ಸಂಜೆ

ಬೆಳಿಗ್ಗೆ ಬಾಗಿಲ ಕೆಳಗೆ ಒಂದು ಚೂರು ಕಾಗದ: ‘ಝೂ. ಕೆಳಗೆ ಬನ್ನಿ.’ ಕನಸೋ ಅಂದುಕೊಂಡೆ. ಇಸ್ತ್ರಿಯಿಲ್ಲದ ಶರ್ಟಿನಲ್ಲೇ ಓಡಿದೆ.

ಗೇಟಿನಲ್ಲಿ ದೊಡ್ಡ ಸಾಲು. ಕಿಟಕಿಯೊಳಗಿನ ಹೆಂಗಸು ‘ಎಷ್ಟು ಜನ?’ ಅಂದಳು. ಎಸ್ಟೆಲ್ ಕಾರ್ಡು ಮುಂದಿಟ್ಟು ‘ಮೂರು’ ಅಂದಳು. ನಾನು ಪರ್ಸಿಗೆ ಕೈ ಹಾಕಿದ್ದೆ. ಕ್ಲೀಟಸ್ ನನ್ನ ಮೊಣಕೈ ಒತ್ತಿದ. ಪರ್ಸು ಒಳಗಿಟ್ಟೆ. ನನ್ನ ಟಿಕೆಟ್ಟನ್ನೂ ಅವಳೇ ಕೊಟ್ಟಳು. ಹೀಗೆ ಇನ್ನೊಬ್ಬರ ಕೈಯಿಂದ ತೆಗೆದುಕೊಳ್ಳುವುದು... ಅಪ್ಪ ಗಿರಣಿ ಮುಷ್ಕರದಲ್ಲೂ ಯಾರ ಕೈಯಿಂದಲೂ ಹಿಟ್ಟು ಈಸಿಕೊಂಡವನಲ್ಲ. ಅವತ್ತು ನಾವೆಲ್ಲ ಹಸಿದು ಮಲಗಿದ್ದೆವು ಅನ್ನುವುದನ್ನು ಮಾತ್ರ ಆತ ಯಾರಿಗೂ ಹೇಳುತ್ತಿರಲಿಲ್ಲ.

ಕರಡಿ ನಿದ್ದೆ ಮಾಡುತ್ತಿತ್ತು. ಕ್ಲೀಟಸ್ ಅದಕ್ಕೆ ವ್ಯಾಕ್ಯೂಮ್ ಕ್ಲೀನರ್ ಮಾರಲು ಶುರುಮಾಡಿದ, ‘ಅಮ್ಮಾ, ಈ ಗುಹೆಯ ಧೂಳು ನೋಡಿ!’ ಅವಳು ಕಂಬಿ ಹಿಡಿದು ನಕ್ಕಳು. ನಾನೂ ನಕ್ಕೆ. ನಕ್ಕರೂ ಒಳಗೆ ಚುರುಕ್ ಅಂದಿತು. ಅವಳನ್ನು ಹಾಗೆ ನಗಿಸಲು ನನಗೆ ಬರುವುದಿಲ್ಲ.

ಇಳಿಜಾರಿನಲ್ಲಿ ಕ್ಲೀಟಸ್ ಮಂಡಿ ಹಿಡಿದುಕೊಂಡು ಬೆಂಚಿನ ಮೇಲೆ ಕೂತುಬಿಟ್ಟ. ನಾವಿಬ್ಬರೇ ಮೀನಿನ ಮನೆಗೆ ಹೋದೆವು. ಕತ್ತಲು, ನೀಲಿ ಬೆಳಕು. ಎಸ್ಟೆಲ್ ಗಾಜಿಗೆ ಹಣೆ ಒತ್ತಿ ನಿಂತು, ನನ್ನ ಕಡೆ ತಿರುಗದೆ ಕೇಳಿದಳು, ‘ನೀವು ಸರಿಯಾಗಿ ಊಟ ಮಾಡ್ತೀರಾ?’

ಸುಳ್ಳು ಹೇಳೋಣ ಅಂತ ಬಾಯಿ ತೆರೆದೆ. ‘ತಿಂಗಳ ಕೊನೆಯಲ್ಲಿ ಇಲ್ಲ,’ ಅಂದೆ.

‘ಸೋಮವಾರ ರಜೆ, ಆಫೀಸು ಇರಲ್ಲ. ಮಂಗಳವಾರ ಅರ್ಜಿ ಹಾಕೋಕೆ ನಾನೇ ಜೊತೆಗೆ ಬರ್ತೀನಿ. ಕಾಲರ್ ಎತ್ತಿಕೊಂಡು ಬರಬೇಡಿ.’

ಮೇ 27, ಮಂಗಳವಾರ, ಸಂಜೆ

ಇವತ್ತು ಅಂಗಡಿ ತೆಗೆಯಲಿಲ್ಲ. ಅರ್ಜಿ ಕೊಟ್ಟು ಬಂದೆವು. ಸಿಗಬಹುದು ಅಂದರು, ಸಿಗದೆಯೂ ಇರಬಹುದು. ಪೂರ್ತಿ ಹೊತ್ತು ಅವಳು ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ವಾಪಸು ಬರುವಾಗ, ಶನಿವಾರ ಹಳೇ ಟ್ರಾಮುಗಳ ಮ್ಯೂಸಿಯಮ್ಮಿಗೆ ಬರ್ತೀರಾ ಅಂತ ಕೇಳಿದಳು. ಕ್ಲೀಟ್‌ಗೆ ಮಂಡಿನೋವು, ನಾವಿಬ್ಬರೇ ಅಂದಳು. ಗಿರಾಕಿ ಇದ್ದಾರೇನೋ ನೋಡಿ ಹೇಳ್ತೀನಿ ಅಂದೆ. ಶನಿವಾರ ನನಗೆ ಯಾವ ಗಿರಾಕಿ? ಅವಳಿಗೂ ಗೊತ್ತು. ನಕ್ಕಳು. ನಾನೇ ನಗಿಸಿದ್ದು!

ಬಾಗಿಲು ತಟ್ಟುತ್ತಿದ್ದಾರೆ. ತೆಗೆದು ಬಂದೆ. ಕ್ಲೀಟಸ್. ಹಳದಿ ಟೈ ಇಲ್ಲ. ಮಂಡಿ ಈಗ ಪರವಾಗಿಲ್ಲವಂತೆ, ಶನಿವಾರದ ಹೊತ್ತಿಗೆ ಪೂರ್ತಿ ವಾಸಿಯಾಗುತ್ತದಂತೆ, ಟ್ರಾಮು ಅಂದರೆ ಅವನಿಗೆ ಚಿಕ್ಕಂದಿನಿಂದ ಪ್ರಾಣವಂತೆ. ನನ್ನ ಕುರ್ಚಿಯ ಅಂಚಿನಲ್ಲಿ ಕೂತಿದ್ದಾನೆ, ಈ ಪುಸ್ತಕದ ಕಡೆ ಕೈ ಚಾಚಿ ಇದೇನು ಬರೀತಿದ್ದೀಯ ಅನ್ನುತ್ತಿದ್ದಾನೆ. ನಗುತ್ತಿದ್ದಾನೆ, ಆದರೆ ಆ ನಗುವಿನ ಕೆಳಗಿನ ಮುಖ... ಅದು ನನಗೆ ಗೊತ್ತು. ಚಳಿಗಾಲದಿಂದ ದಿನಾ ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುವಾಗ ಕನ್ನಡಿಯಲ್ಲಿ ನಾನು ನೋಡಿದ್ದು ಅದೇ ಮು—