ಅರವತ್ತಮೂರನೆಯ ಸೀಸೆ

ಧಾರವಾಡ, ಫೆಬ್ರುವರಿ 30, 2319

ಮಹಾನಂದಾ ಅಕ್ಕನವರಿಗೆ ತಂಗೆವ್ವ ಬಾರಕೇರ ಮಾಡುವ ಶರಣು.

ತಾರೀಖು ನೋಡಿ ನಗಬೇಡಿ. ಫೆಬ್ರುವರಿಗೆ ಆಗಿದ್ದ ಅನ್ಯಾಯವನ್ನು ನಮ್ಮ ಅಜ್ಜಂದಿರು ಸರಿಪಡಿಸಿ ಮೂವತ್ತು ದಿನ ಕೊಟ್ಟಿದ್ದಾರೆ. ನನ್ನ ಮಾತಿನಲ್ಲಿ ಅರಿಯದ ಪದ ಬಂದರೆ, ಮುನ್ನೂರು ವರ್ಷದಲ್ಲಿ ನಾಲಿಗೆ ಅಷ್ಟು ಹೊರಳಿದೆ ಎಂದು ಹೊಟ್ಟೆಗೆ ಹಾಕಿಕೊಳ್ಳಿ. ಪತ್ರವನ್ನು ಹಳೆಯ ಕಾಲಕ್ಕೆ ಒಯ್ಯುವ ಹಿಂದಂಚೆ ಈಗಷ್ಟೇ ಶುರುವಾಗಿದೆ. ಒಬ್ಬರಿಗೆ ಬಾಳಿನಲ್ಲಿ ಒಂದೇ ಪತ್ರ, ನನ್ನದು ನಿಮಗೆ.

ನಿಮ್ಮ ಪ್ರಯೋಗಾಲಯದಲ್ಲಿ ನೀವು ಮೈಕ್ರೋಎಮಲ್ಷನ್ ಎನ್ನುವುದನ್ನು ನಾವು ತಿಳಿಯೆಣ್ಣೆ ಎನ್ನುತ್ತೇವೆ. ನೀರಿಗೆ ಕರಗದ ಮದ್ದನ್ನು ಎಣ್ಣೆಯಲ್ಲಿ ಕರಗಿಸಿ, ಆ ಎಣ್ಣೆಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ನೀರಿನಲ್ಲಿ ಹರಡಿದ್ದು. ನಮ್ಮಲ್ಲಿ ಓಣಿಗೊಂದು ಹನಿಮನೆ ಇದೆ. ನೀವು ಡೇರಿಗೆ ಹೋಗಿ ಹಾಲು ತಂದ ಹಾಗೆ, ನಾವು ಬೆಳಿಗ್ಗೆ ಅಲ್ಲಿಂದ ಅವರವರ ಮೈಗೆ ಹೊಂದುವ ತಿಳಿಯೆಣ್ಣೆ ತರುತ್ತೇವೆ. ಬೆರೆಸುವುದನ್ನು ನಾನು ಎಷ್ಟೋ ಸಲ ನಿಂತು ನೋಡಿದ್ದೇನೆ. ಮಜ್ಜಿಗೆಯಂತೆ ಬೆಳ್ಳಗಿದ್ದದ್ದು ಎಣ್ಣೆ ನೀರನ್ನು ಕೂಡಿಸುವ ದ್ರವದ ಇನ್ನೊಂದು ಹನಿ ಬಿದ್ದದ್ದೇ ತಡ, ತಿಳಿಯಾಗಿಬಿಡುತ್ತದೆ! ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ. ಮೊನ್ನೆ ನನ್ನ ಮಗಳು ನೀಲವ್ವನೂ ಅದನ್ನು ನೋಡಿ, "ಯವ್ವಾ, ಎಣ್ಣಿ ಎಲ್ಲಿ ಹೋತು?" ಎಂದು ಕೇಳಿದಳು.

ನೀಲವ್ವನಿಗೆ ಏಳು ವರ್ಷ. ಅವಳ ರಕ್ತದ ಕಾಯಿಲೆಗೆ ಇರುವುದು ಒಂದೇ ಮದ್ದು, ಅದನ್ನು ಗುಳಿಗೆಯಾಗಿ ನುಂಗಿದರೆ ಮೈಗೆ ಹತ್ತುವುದಿಲ್ಲ. ನಿಮ್ಮ ಕಾಲದವರೆಗೆ ನಮ್ಮ ಮನೆತನದಲ್ಲಿ ಈ ಕಾಯಿಲೆ ಬಂದ ಒಂದು ಮಗುವೂ ಹತ್ತು ದಾಟಿಲ್ಲ. ನಾಳೆ ಅವಳ ಮೊದಲ ಗುಟುಕು.

ಆ ದಿನಕ್ಕೆ ನಮ್ಮಲ್ಲಿ ಓದುಗುಟುಕು ಎಂಬ ಪದ್ಧತಿ ಇದೆ. ಸೀಸೆಯ ಹಿಂದೆ ಒಂದು ಹಾಳೆ ಹಿಡಿಯುತ್ತಾರೆ. ಮಗು ಮದ್ದಿನ ಮೂಲಕವೇ ಅದನ್ನು ಓದಬೇಕು. ಅಕ್ಷರ ಮಸುಕಾದರೆ ಕುಡಿಯುವಂತಿಲ್ಲ. ಆ ಹಾಳೆ ಯಾವುದು ಗೊತ್ತೇ? ನಿಮ್ಮ ನೋಟ್‌ಬುಕ್ಕಿನಲ್ಲಿ ನಮಗೆ ಸಿಕ್ಕ ಕೊನೆಯ ಪುಟ. ಅಂಚಿನಲ್ಲಿ ನಿಮಗೆ ನೀವೇ ಹೇಳಿಕೊಂಡಂತೆ ಬರೆದಿದ್ದೀರಿ: "೬೩ನೇ ಸೀಸೆ. ಬರೀ ನೀರು ಕಂಡಂಗ ಕಾಣತೈತಿ. ಎಣ್ಣಿ ಹಾಕೂದು ಮರತೇನಿ. ನಾಳೆ ತೊಳೀಬೇಕು."

ಓಣಿಯವರೆಲ್ಲ ಬಿದ್ದು ಬಿದ್ದು ನಗುತ್ತಾರೆ. ನನಗೆ ಮಾತ್ರ ನಗು ಬರುವುದಿಲ್ಲ. ಅರವತ್ತೆರಡು ಸೀಸೆ ಅಕ್ಕಿ ತೊಳೆದ ನೀರಿನಂತೆ ಕದಡಿದ ಮೇಲೆ, ತಿಳಿಯಾದದ್ದು ಕಣ್ಣೆದುರು ಬಂದಾಗ ನೀವು ಅನುಮಾನಪಟ್ಟದ್ದು ನಿಮ್ಮನ್ನೇ! ನಮ್ಮ ತಿಳಿಯೆಣ್ಣೆಯೆಲ್ಲ ಹುಟ್ಟಿದ್ದು ಆ ಸೀಸೆಯಿಂದಲೇ, ಆದರೆ ಅದು ಹೇಗೆ ಉಳಿಯಿತೆಂದು ಯಾರೂ ಬರೆದಿಟ್ಟಿಲ್ಲ. ಯಾರೋ ತಡೆದಿರಬೇಕು. ಆ ಯಾರೋ ನಾನೇ ಆಗಿದ್ದು, ಬರೆಯದೆ ಬಿಟ್ಟರೆ ಎಂಬ ಹೆದರಿಕೆಯಿಂದ ಬರೆಯುತ್ತಿದ್ದೇನೆ.

ಅಕ್ಕಾ, ಸೀಸೆಯನ್ನು ನಲ್ಲಿಯ ಕೆಳಗೆ ಹಿಡಿಯುವ ಮೊದಲು ಕಪಾಟಿನಲ್ಲಿರುವ ಎಣ್ಣೆಯ ಬಾಟಲಿಯನ್ನು ಒಮ್ಮೆ ಎತ್ತಿ ನೋಡಿ. ಅದರಲ್ಲಿ ಎಣ್ಣೆಯ ಮಟ್ಟ ಇಳಿದಿರುತ್ತದೆ. ನೀವು ಮರೆತಿಲ್ಲ. ನಾಳೆ ಬೆಳಿಗ್ಗೆ ಎಂಟಕ್ಕೆ ನೀಲವ್ವ ನಿಮ್ಮ ಅಕ್ಷರ ಓದಿ ಬಾಯಿ ತೆರೆಯುತ್ತಾಳೆ.